ಗಾಡಿಮನೆಯಲ್ಲಿ ಇಳಿಯದವರು

ನನ್ನ ಹೆಂಡತಿ ಮರುದೇವಿ ತೀರಿಕೊಂಡು ಹನ್ನೆರಡು ವರ್ಷ ತುಂಬುವುದಕ್ಕೆ ಒಂದು ದಿನವಿತ್ತು. ಅವಳ ತಂಗಿ ಜ್ವಾಲಿನಿ ಪತ್ರಿಕೆಯ ಒಂದು ತುಂಡನ್ನು ಹಿಡಿದುಕೊಂಡು ಬೆಳಗ್ಗೆ ಒಂಬತ್ತು ಗಂಟೆಗೆ ನಮ್ಮ ಮನೆಗೆ ಬಂದಳು. ನಾನು ಶಾಸ್ತ್ರ ಓದುತ್ತ ಮೌನದಲ್ಲಿದ್ದೆ. ಎದ್ದಾಗಿನಿಂದ ಊಟದವರೆಗೆ ಮಾತಾಡದಿರುವ ನೇಮವನ್ನು ನಾನು ಮೂವತ್ತನೆಯ ವಯಸ್ಸಿನಲ್ಲಿ ಹಿಡಿದವನು. ಈಗ ನನಗೆ ಎಪ್ಪತ್ತನಾಲ್ಕು. ಜ್ವಾಲಿನಿ ಇನ್ನೊಬ್ಬರ ನೇಮ ಮುಗಿಯುವವರೆಗೆ ಕಾಯುವ ಹೆಣ್ಣಲ್ಲ. ತೆರೆದ ಪುಸ್ತಕದ ಮೇಲೆಯೇ ಆ ತುಂಡನ್ನಿಟ್ಟು, "ಮಾತಾಡ್ಬೇಡಿ ಭಾವ, ಓದಿ ಸಾಕು. ಓದೋದು ನಿಮಗೆ ಹೊಸದಲ್ವಲ್ಲ," ಅಂದಳು.

ಅದೊಂದು ಪ್ರಕಟಣೆ. ಹನ್ನೆರಡು ವರ್ಷ ತುಂಬಿದ ಇಳಿಯದವರಿಗೆ ಸಂಬಂಧಿಕರು ಯಾರೂ ಬಾರದಿದ್ದರೆ, ಹದಿನಾಲ್ಕನೆಯ ತಾರೀಖು, ಅಂದರೆ ಮರುದಿನವೇ, ಹೊತ್ತು ಮುಳುಗುವಾಗ ಎಲ್ಲ ಗಾಡಿಮನೆಗಳಲ್ಲೂ ಕೊನೆಯ ನಿಲ್ದಾಣವೆಂದು ಕೂಗಿ ಅವರನ್ನು ಇಳಿಸಲಾಗುವುದು, ತೆರವಾದ ಗಾಡಿಗಳನ್ನು ಮುರಿಯಲಾಗುವುದು ಎಂದಿತ್ತು.

ಓಡುವುದನ್ನು ನಿಲ್ಲಿಸಿದ ರೈಲು ಡಬ್ಬಿಗಳನ್ನೂ ಟ್ರಾಮ್‌ಗಳನ್ನೂ ಇರಿಸಿರುವ ಮ್ಯೂಸಿಯಂಗಳನ್ನು ನಮ್ಮ ಕಡೆ ಗಾಡಿಮನೆ ಎನ್ನುತ್ತಾರೆ. ಗಾಡಿ ಹತ್ತಿ, ಪ್ರಯಾಣ ಮುಗಿಯುವ ಮೊದಲೇ ಪ್ರಾಣ ಬಿಟ್ಟವರು ನಮ್ಮಲ್ಲಿ ಆ ಗಾಡಿಯಲ್ಲೇ ಉಳಿಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅವರು ಕೂತ ಕಡೆ ಹಲಗೆ ಬಗ್ಗಿರುತ್ತದೆ, ಅಷ್ಟೆ. ಅವರ ಜೊತೆ ಒಂದೇ ಒಲೆಯ ಅನ್ನ ಉಂಡವರು ಹೋಗಿ ಪಕ್ಕದಲ್ಲಿ ಕೂತರೆ ಆ ತಗ್ಗು ನಾಲ್ಕು ಬೆರಳು ಆಚೆ ಸರಿಯುತ್ತದೆ. ಜಾಗ ಬಿಟ್ಟುಕೊಡುತ್ತಾರೆ. ಆಗ ಅವರು ಇಳಿಯಬೇಕಾಗಿದ್ದ ನಿಲ್ದಾಣದ ಹೆಸರನ್ನು ಕೂಗಿದರೆ ಎದ್ದು ಇಳಿದು ಹೋಗುತ್ತಾರೆ. ತಪ್ಪು ಹೆಸರು ಕೂಗಿದರೂ ಇಳಿಯುತ್ತಾರೆ. ಆದರೆ ತಮಗೆ ಬೇಡದ ಜಾಗದಲ್ಲಿ ಇಳಿಯುತ್ತಾರೆ, ಇಳಿದವರನ್ನು ಮತ್ತೆ ಹತ್ತಿಸಲು ಬರುವುದಿಲ್ಲ. ಆದ್ದರಿಂದ ಜನ ಯೋಚಿಸಿ ಕೂಗುತ್ತಾರೆ.

ನಾನು ಹನ್ನೆರಡು ವರ್ಷ ಒಂದು ಗಾಡಿಮನೆಗೂ ಹೋಗಲಿಲ್ಲ. ಜೀವವು ಒಂದು ದೇಹವನ್ನು ಬಿಟ್ಟ ಮರುಗಳಿಗೆಯಲ್ಲಿ ಇನ್ನೊಂದನ್ನು ಸೇರುತ್ತದೆಂದು ನಮ್ಮ ಶಾಸ್ತ್ರ ಹೇಳುತ್ತದೆ. ನಡುವೆ ಬೆಂಚಿನ ಮೇಲೆ ಕಾದು ಕೂರಲು ಅದಕ್ಕೆ ಬಿಡುವಿಲ್ಲ. ಹಾಗೆಂದು ನಾನು ಬಸದಿಯಲ್ಲಿ ಹಲವರಿಗೆ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಇನ್ನೊಂದು ಕಾರಣವೂ ಇತ್ತು. ಅವಳು ಎಲ್ಲಿ ಇಳಿಯಬೇಕಾಗಿತ್ತೆಂಬುದು ನನಗೆ ಗೊತ್ತಿರಲಿಲ್ಲ.

ಅವಳು ತೀರಿಕೊಂಡ ಆ ಬುಧವಾರ ಬೆಳಗ್ಗೆ ಹೊಸ್ತಿಲಲ್ಲಿ ನಿಂತು, "ಸ್ವಲ್ಪ ಹೋಗಿ ಬರ್ತೀನಿ ರೀ," ಅಂದಿದ್ದಳು. ನಾನು ಮೌನದಲ್ಲಿದ್ದೆ. ಪುಸ್ತಕದಿಂದ ತಲೆ ಎತ್ತದೆ ಕೈ ಮೇಲೆ ಮಾಡಿದೆ. ಅದಕ್ಕೆ ಆಗಲಿ ಎಂತಲೂ ಅರ್ಥವಾಗುತ್ತದೆ, ತೊಂದರೆ ಮಾಡಬೇಡ ಎಂತಲೂ ಅರ್ಥವಾಗುತ್ತದೆ. ಅವಳು ಒಂದು ಕ್ಷಣ ನಿಂತೇ ಇದ್ದಳು. ಬಳೆಯ ಸದ್ದು ಕೇಳಿಸಿತು. ಆಮೇಲೆ ಹೋದಳು. ನಮ್ಮ ಓಣಿಯ ಬಾಯಲ್ಲಿರುವ ಬಾವಿಕಟ್ಟೆಯಲ್ಲಿ ಸುತ್ತು ಟ್ರಾಮ್ ಹತ್ತಿದಳೆಂದು ಆಮೇಲೆ ತಿಳಿಯಿತು. ಊರನ್ನು ಸುತ್ತಿ ಬರುವ ಆ ಗಾಡಿಯಲ್ಲಿ ಯಾವಾಗ ಅವಳ ಎದೆಬಡಿತ ನಿಂತಿತೋ ಯಾರಿಗೂ ತಿಳಿಯದು. ನಿದ್ದೆ ಬಂದಿರಬೇಕೆಂದು ಜನ ಸುಮ್ಮನಿದ್ದರು. ಹನ್ನೆರಡು ಗಂಟೆಗೆ ನದಿ ದಂಡೆಯ ಶೆಡ್ಡಿನವರು ನನಗೆ ಹೇಳಿ ಕಳಿಸಿದರು. ಗಾಡಿಯ ನಂಬರನ್ನು ಯಾರೂ ಬರೆದಿಟ್ಟಿರಲಿಲ್ಲ. ಅದೇ ವರ್ಷ ಟ್ರಾಮ್ ನಿಂತುಹೋಯಿತು. ಸುತ್ತು ದಾರಿಯ ಮೂರು ಗಾಡಿಗಳು ಮೂರು ಗಾಡಿಮನೆಗಳಿಗೆ ಹಂಚಿಹೋದವು.

ಊಟವಾದ ಮೇಲೆ ನಾನು ಜ್ವಾಲಿನಿಗೆ ಶಾಸ್ತ್ರ ಹೇಳಲು ಹೊರಟೆ. ಅವಳು ಅರ್ಧಕ್ಕೇ ತಡೆದಳು.

"ನೀವು ಹೇಳೋದೇ ನಿಜ ಇರ್ಲಿ ಭಾವ. ಅಕ್ಕ ಅಲ್ಲಿಲ್ಲ ಅಂತಿಟ್ಕೊಳ್ಳಿ. ಹೋಗಿ ನೋಡಿ ಬಂದ್ರೆ ನಿಮ್ಮ ಶಾಸ್ತ್ರಕ್ಕೇನು ನಷ್ಟ? ಆದ್ರೆ ಇದ್ದು, ಯಾರೋ ಗೊತ್ತಿಲ್ಲದವನು ಬಂದು ಅವಳನ್ನ ಕೊನೇ ನಿಲ್ದಾಣದಲ್ಲಿ ದಬ್ಬಿ ಇಳಿಸಿದ್ರೆ? ಸುತ್ತು ಟ್ರಾಮ್‌ಗೆ ಕೊನೇ ನಿಲ್ದಾಣ ಅಂದ್ರೆ ಆ ನದಿ ದಂಡೆ ಶೆಡ್ಡು. ಅದರ ಹಿಂದೆ ಏನಿದೆ ಗೊತ್ತಾ? ಇದ್ದಿಲ ಗುಡ್ಡೆ. ಅವಳು ಬರಿಗಾಲಲ್ಲಿ ಹೋಗಿದ್ಲು."

ಬರಿಗಾಲಲ್ಲಿ ಹೋಗಿದ್ದಳೆಂಬುದು ನನಗೆ ಗೊತ್ತಿರಲಿಲ್ಲ.

"ನೀನೇ ಹೋಗಬಹುದಾಗಿತ್ತಲ್ಲ," ಅಂದೆ.

"ಹೋಗಿಲ್ವಾ? ಎರಡು ಕಡೆ ಹೋಗಿ ಕೂತು ಬಂದಿದೀನಿ. ಕೊಟ್ಟ ಹೆಣ್ಣು ನಾನು, ಬೇರೆ ಒಲೆಯವಳು. ಹಲಗೆ ನನಗೆ ಅಲ್ಲಾಡಲ್ಲ. ನೀವು ಬರ್ಬೇಕು."

ಹೀಗೆ ಮರುದಿನ ಬೆಳಗ್ಗೆ ಆರು ಗಂಟೆಯ ರೈಲಿಗೆ ನಾವಿಬ್ಬರೂ ಹೊರಟೆವು. ಅವಳ ಬಳಿ ಒಂದು ಚೀಟಿ ಇತ್ತು: ಯಾವ ಗಾಡಿಮನೆ ಎಷ್ಟು ಗಂಟೆಗೆ ತೆರೆಯುತ್ತದೆ, ಎಲ್ಲಿ ಬಸ್ಸು ಬದಲಾಯಿಸಬೇಕು, ಎಲ್ಲಿ ಕಾಸಿ ಆರಿಸಿದ ನೀರು ಸಿಗುತ್ತದೆ. ಕೊನೆಯದು ನನಗಾಗಿ ಬರೆದದ್ದು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ. ನಾನು ಮೌನದಲ್ಲಿದ್ದೇನೆಂದು ಗೊತ್ತಿದ್ದೂ ಅವಳು ಮಾತಾಡುತ್ತಲೇ ಇದ್ದಳು.

ಮೊದಲನೆಯದು ಜಂಕ್ಷನ್ನಿನ ಗಾಡಿಮನೆ. ಅದು ಹಳೆಯ ಎಂಜಿನ್ ಶೆಡ್ಡು. ಮಾಡು ದೇವಾಲಯದ ಮಂಟಪದಷ್ಟು ಎತ್ತರ. ಒಳಗೆ ಕಾಲಿಟ್ಟ ಕೂಡಲೇ ನಾನು ಚಪ್ಪಲಿ ಬಿಟ್ಟೆ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ನೋಡಿದರೆ ಬಾಗಿಲಲ್ಲಿ ಆಗಲೇ ನೂರಾರು ಜೊತೆ ಇದ್ದವು. ಎರಡು ಸಾಲಿನಲ್ಲಿ ಹದಿನೆಂಟು ಡಬ್ಬಿಗಳು ನಿಂತಿದ್ದವು. ಒಂದು ಮೂರನೆಯ ದರ್ಜೆಯ ಡಬ್ಬಿಯ ಕಿಟಕಿಯಿಂದ ಇಣುಕಿದೆ. ಖಾಲಿ ಬೆಂಚುಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಹಲಗೆ ತಗ್ಗಾಗಿತ್ತು. ಅದರ ಪಕ್ಕದಲ್ಲಿ ಅಂಗೈ ಅಗಲದ ಇನ್ನೊಂದು ತಗ್ಗು. ಮಗುವೊಂದು ತಾಯಿಗೆ ಒರಗಿ ಕೂತರೆ ಹಾಗಾಗುತ್ತದೆ. ಜೇಡರ ಬಲೆ ಎಲ್ಲೆಲ್ಲೂ ಇತ್ತು, ಆ ಎರಡು ತಗ್ಗುಗಳ ಮೇಲೆ ಇರಲಿಲ್ಲ. ಬಸದಿಯಲ್ಲಿ ಗರ್ಭಗೃಹದ ಮುಂದೆ ನಿಂತಾಗ ಮೈಯಲ್ಲಿ ಏಳುವುದು ನನಗೆ ಅಲ್ಲಿ ಎದ್ದಿತು. ಅದು ತಪ್ಪೋ ಸರಿಯೋ ತಿಳಿಯದೆ ಕಣ್ಣು ಮುಚ್ಚಿದೆ.

ಅಲ್ಲಿಯ ಜನ ಮಾತ್ರ ಮನೆಯಲ್ಲಿರುವಂತೆ ಇದ್ದರು. ಒಬ್ಬಾಕೆ ಬೆಂಚಿನ ಮೇಲೆ ವೀಳ್ಯದೆಲೆ ಇಟ್ಟು, ಮೊಮ್ಮಗಳ ಮದುವೆ ಗೊತ್ತಾದ ಸುದ್ದಿಯನ್ನು ಗಂಡನ ತಗ್ಗಿಗೆ ಹೇಳುತ್ತಿದ್ದಳು. ಕಸ ಗುಡಿಸುವವಳು ಪ್ರತಿ ತಗ್ಗಿನ ಮುಂದೆ ಬಂದಾಗ, "ಕಾಲೆತ್ಕಳಿ," ಎಂದು ಹೇಳಿ ಗುಡಿಸಿ ಮುಂದೆ ಹೋಗುತ್ತಿದ್ದಳು.

ಶೆಡ್ಡಿನ ಮೂಲೆಯಲ್ಲಿ ನಮ್ಮ ಸುತ್ತು ದಾರಿಯ ಮೊದಲ ಟ್ರಾಮ್ ನಿಂತಿತ್ತು. ಒಂದೇ ತಗ್ಗು. ನಾನು ಪಕ್ಕದಲ್ಲಿ ಕೂತೆ. ಅದು ಅಲ್ಲಾಡಲಿಲ್ಲ. ಎದ್ದಾಗ ನನಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳಲಾರೆ.

ಎರಡನೆಯದು ಕೆರೆಯ ಏರಿಯ ಮೇಲೆ, ಚಾವಣಿಯಿಲ್ಲದ ಸಣ್ಣ ಗಾಡಿಮನೆ. ಕಾವಲುಗಾರನ ಮನೆಯವರು ಟ್ರಾಮ್‌ನ ನೆತ್ತಿಯ ಮೇಲೆ ಸಂಡಿಗೆ ಒಣಗಿಸಿದ್ದರು. ಒಳಗೆ ಮುದುಕನೊಬ್ಬ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಅವನ ಪಕ್ಕದ ತಗ್ಗು ಅವನಿಂದ ನಾಲ್ಕು ಬೆರಳು ಸರಿದಿತ್ತು.

"ನಮ್ಮವ್ವ," ಎಂದು ಅವನು ಪರಿಚಯ ಮಾಡಿಕೊಟ್ಟ. "ಸಂತೇಪೇಟೆಗೆ ಹೊರಟಿದ್ಲು. ಇನ್ನೂ ಇಳಿಸಿಲ್ಲ."

"ಹೆಸರು ಗೊತ್ತಿದ್ದೂ ಇಳಿಸಿಲ್ವಾ?" ಎಂದು ಜ್ವಾಲಿನಿ ಕೇಳಿದಳು.

"ಇಳಿಸ್ಬಿಟ್ರೆ ನಾಳೆ ನಾನು ಎಲ್ಲಿಗೆ ಬರ್ಲಿ ತಾಯಿ? ಅವ್ಳಿಗಿನ್ನೂ ನಾಲ್ಕು ತಿಂಗಳು ಐತೆ. ನನಗೆ ಅಷ್ಟಿಲ್ಲ."

ಅವನು ನಮಗೂ ರೊಟ್ಟಿ ಕೊಡಲು ಬಂದ. ಪಲ್ಯದಲ್ಲಿ ಈರುಳ್ಳಿ ಇದ್ದುದರಿಂದ ನಾನು ಕೈಮುಗಿದೆ. ಜ್ವಾಲಿನಿ ಕೆರೆಯ ಕಡೆ ಮುಖ ಮಾಡಿ ಒಂದನ್ನು ತಿಂದಳು. ನಾನು ನೋಡಲಿಲ್ಲವೆಂಬಂತೆ ಅವಳೂ, ನೋಡಲಿಲ್ಲವೆಂಬಂತೆ ನಾನೂ ನಡೆದುಕೊಂಡೆವು. ಆ ಗಾಡಿಯಲ್ಲಿ ಇನ್ನೊಂದು ತಗ್ಗಿತ್ತು. ಅದರ ಪಕ್ಕದಲ್ಲೂ ಕೂತೆ. ಅಲ್ಲಾಡಲಿಲ್ಲ.

ಮೂರನೆಯದು ಉಳಿಯಿತು. ಅದೇ ನದಿ ದಂಡೆಯ ಶೆಡ್ಡು. ಹನ್ನೆರಡು ವರ್ಷದ ಹಿಂದೆ ನಾನು ಮರುದೇವಿಯನ್ನು ಚಾಪೆಯ ಮೇಲೆ ಕಂಡ ಜಾಗ. ಅದನ್ನು ಕೊನೆಗೆ ಇಟ್ಟವಳು ಜ್ವಾಲಿನಿ. ಬಸ್ಸು ದಾರಿಯಲ್ಲಿ ಕೆಟ್ಟು ಎರಡು ಗಂಟೆ ನಿಂತಿತು. ಆಗ ಜ್ವಾಲಿನಿ ತಂದಿದ್ದ ಬುತ್ತಿ ಉಂಡು ನಾನು ಮೌನ ಮುಗಿಸಿದೆ. ನಾವು ತಲುಪಿದಾಗ ಬಿಸಿಲು ಓರೆಯಾಗಿ ಶೆಡ್ಡಿನ ಕಂಬಗಳ ನಡುವೆ ಬಿದ್ದಿತ್ತು. ಹೊತ್ತು ಮುಳುಗಲು ಮುಕ್ಕಾಲು ಗಂಟೆ ಉಳಿದಿತ್ತು.

ಅಲ್ಲಿಯ ಮೇಲ್ವಿಚಾರಕ ಚೌರಪ್ಪ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಹಿಂದೆ ಟ್ರಾಮ್ ಕಂಡಕ್ಟರನಾಗಿದ್ದವನು. ಕೊರಳಲ್ಲಿ ಶಿಲುಬೆ, ಕೈಯಲ್ಲಿ ಪ್ರಕಟಣೆಯ ಕಾಗದ. "ಬನ್ನಿ ಬನ್ನಿ ಯಜಮಾನ್ರೇ," ಅಂದ. "ಇವತ್ತು ಹೊತ್ತು ಮುಳುಗದೇ ಇರ್ಲಿ ದೇವರೇ ಅಂತಿದ್ದೆ ನಾನು. ಯಾರಾದ್ರೂ ಬರ್ಲಿ ದೇವರೇ ಅಂತಾನೂ ಅಂತಿದ್ದೆ. ಎಲ್ಲಾರನ್ನೂ ಕೂಗಿ ಇಳಿಸೋ ಬಾಯಿ ನನ್ನದೇ ಅಲ್ವಾ."

ಟ್ರಾಮ್ ಹಳದಿ ಬಣ್ಣದ್ದು, ಬಣ್ಣ ಎದ್ದು ಬಂದಿತ್ತು. ಒಳಗೆ ಎಡಗಡೆ ಮೂರನೆಯ ಬೆಂಚಿನ ನಟ್ಟನಡುವೆ ಒಂದು ತಗ್ಗು. ನಾನು ಮೆಟ್ಟಿಲಿನ ಕಂಬಿ ಹಿಡಿದು ಹತ್ತಿದೆ. ಪಂಚೆ ಸರಿಮಾಡಿಕೊಂಡು ಮೆಲ್ಲಗೆ ಕೂತೆ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಕೆಳಗಿನ ಹಲಗೆ ಕಿರುಗುಟ್ಟಿತು. ತಗ್ಗು ಕಿಟಕಿಯ ಕಡೆಗೆ ಸರಿಯಿತು. ನಾಲ್ಕು ಬೆರಳಲ್ಲ, ಒಂದು ಗೇಣು. ಮದುವೆಯಾದ ಹೊಸದರಲ್ಲಿ ನಾನು ಕೂರುವಾಗ ಅವಳು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಜಾಗ ಬಿಡುತ್ತಿದ್ದಳು, ಬೇಡವೆಂದರೂ ಕೇಳುತ್ತಿರಲಿಲ್ಲ.

ನಾನು ಐವತ್ತು ವರ್ಷ ಶಾಸ್ತ್ರ ಓದಿದ್ದೇನೆ. ಆ ಹೊತ್ತಿನಲ್ಲಿ ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ. ಕೈಗಳು ತಾವಾಗಿಯೇ ಕೂಡಿಕೊಂಡವು.

ಜ್ವಾಲಿನಿ ಕೆಳಗೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಕೂಗಿ ಭಾವ. ಬಸದಿಬೀದಿ ಅನ್ನಿ. ಇನ್ನೆಲ್ಲಿಗೆ ಹೋಗಿರ್ತಾಳೆ? ನಿಮ್ಮ ಹೆಂಡ್ತಿ ಅಲ್ವಾ," ಅಂದಳು.

ನನಗೂ ಹಾಗೆಯೇ ತೋರಿತು. ಬೆಳಗಿನ ಹೊತ್ತು, ಬರಿಗಾಲು, ಬಸದಿಗಲ್ಲದೆ ಎಲ್ಲಿಗೆ? ಬಾಯಿ ತೆರೆದೆ.

"ಸ್ವಲ್ಪ ತಾಳಿ ಯಜಮಾನ್ರೇ," ಎಂದು ಚೌರಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ. ತಗ್ಗನ್ನೂ ನನ್ನನ್ನೂ ನೋಡಿದ. "ಬಾವಿಕಟ್ಟೇಲಿ ಹತ್ತೋರಾ ಅಮ್ಮಾವ್ರು? ಮೂಗಿಗೆ ಎರಡೂ ಕಡೆ ನತ್ತು? ಬುಧವಾರ ಬುಧವಾರ?"

"ಬುಧವಾರ ಬುಧವಾರ ಅಂದ್ರೆ?" ಅಂದೆ.

"ಪ್ರತೀ ಬುಧವಾರ ಸ್ವಾಮಿ. ಎಂಟೂವರೆ ಗಾಡಿ. ಎಷ್ಟೋ ವರ್ಷ. ಇದೇ ಬೆಂಚು." ಅವನ ಮುಖ ಅರಳಿತು. "ಇಳಿಯದವರು ಯಾರು ಯಾರು ಅಂತ ಇಲ್ಲಿ ಯಾರ ಹೆಸ್ರೂ ಇಲ್ವಲ್ಲ. ಇವ್ರೇ ಅಂತ ನನಗೆ ಗೊತ್ತೇ ಇರ್ಲಿಲ್ಲ. ಆ ವಾರ ನನ್ನ ಮಗಳ ಮದುವೆ, ನಾನು ರಜೆ ಮೇಲಿದ್ದೆ. ವಾಪಸ್ ಬಂದ್ಮೇಲೆ ಅಮ್ಮಾವ್ರು ಬರ್ಲಿಲ್ಲ. ಬೇರೆ ಊರಿಗೆ ಹೋದ್ರು ಅಂದ್ಕೊಂಡೆ."

"ಎಲ್ಲಿಗೆ ಹೋಗ್ತಿದ್ಲು?" ಎಂದು ಜ್ವಾಲಿನಿ ಕೇಳಿದಳು.

"ಎಲ್ಲಿಗೂ ಇಲ್ಲ ತಾಯಿ. ಪೂರ್ತಿ ಸುತ್ತಿಗೆ ಟಿಕೀಟು."

ನಾವಿಬ್ಬರೂ ಅವನನ್ನೇ ನೋಡಿದೆವು.

"ಮಾತಾಡೋಕೆ ಬರ್ತಿದ್ರು," ಅಂದ ಚೌರಪ್ಪ. "ಸೊಪ್ಪಿನೋರು, ಹೂವಿನೋರು, ಕೋರ್ಟಿಗೆ ಹೋಗೋರು, ಯಾರು ಪಕ್ಕ ಕೂತ್ರೂ ಸರಿ. ಇಡೀ ಗಾಡಿ ನಗ್ತಿತ್ತು. ನನಗೆ ಮೂರು ಹೆಣ್ಣು ತೋರ್ಸಿದ್ರು ನಮ್ಮ ಮಗನಿಗೆ ಅಂತ. ಎಲ್ಲಾ ನಿಮ್ಮೋರು! ಅಮ್ಮಾ, ನಾವು ಕಿರಸ್ತಾನ್ರು ಅಂದ್ರೆ, 'ಅದಕ್ಕೇನೀಗ, ಹುಡುಗಿ ಚೆನ್ನಾಗಿದಾಳಾ ಇಲ್ವಾ ಹೇಳಿ' ಅನ್ನೋರು. ಒಂದ್ಸಲ ನಾನೇ ಕೇಳ್ದೆ, ಯಾಕಮ್ಮ ಹೀಗೆ ಸುಮ್ನೆ ಸುತ್ತೀರಿ ಅಂತ. ಅದಕ್ಕೆ..." ಅವನು ನನ್ನ ಮುಖ ನೋಡಿ ನಿಲ್ಲಿಸಿದ.

"ಹೇಳಿ," ಅಂದೆ.

"'ನಮ್ಮನೇಲಿ ಊಟದ ಹೊತ್ತಿನ ತನಕ ಗೋಡೆಗಳೂ ಮೌನ ಕಂಡಕ್ಟ್ರೇ' ಅಂದ್ರು. ನಗ್ತಾನೇ ಅಂದ್ರು ಸ್ವಾಮಿ. ದೂರು ಹೇಳ್ದಂಗೆ ಅಲ್ಲ. 'ಅವರು ದೊಡ್ಡೋರು, ಅವರ ಪುಣ್ಯದಲ್ಲಿ ನನಗೂ ಪಾಲಿದೆ. ಆದ್ರೆ ಬಾಯಿ ನನ್ನದು ನೋಡಿ' ಅಂದ್ರು."

ನಲವತ್ತನಾಲ್ಕು ವರ್ಷ ನಾನು ಮೌನವನ್ನು ನನ್ನೊಬ್ಬನದೆಂದು ತಿಳಿದಿದ್ದೆ. ಅದನ್ನು ಮನೆಯಲ್ಲಿ ಇನ್ನೊಬ್ಬರೂ ಹೊರುತ್ತಿದ್ದರು. ಅವರು ಆ ನೇಮ ಹಿಡಿದವರಲ್ಲ.

"ಎಲ್ಲಿ ಇಳೀತಿದ್ಲು?" ಎಂದು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಹತ್ತಿದ ಕಡೇನೇ. ನಾನು ಕೂಗ್ಬೇಕಿತ್ತು, ಇಲ್ಲಾಂದ್ರೆ ಮಾತಲ್ಲೇ ಇನ್ನೊಂದು ಸುತ್ತು ಹೋಗ್ಬಿಡೋರು. ಆ ದಿನ ಬದಲಿ ಬಂದವ್ನಿಗೆ ಗೊತ್ತಿರ್ಲಿಲ್ಲ." ಚೌರಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಬಾವಿಕಟ್ಟೆ ಸ್ವಾಮಿ. ನಿಮ್ಮ ಓಣಿ ಬಾಯಲ್ಲೇ."

ಹೆಸರು ಸಿಕ್ಕಿತು. ನಾನು ಕೂಗಬಹುದಾಗಿತ್ತು, ಕೂಗಲಿಲ್ಲ. ತಗ್ಗಿನ ಕಡೆ ತಿರುಗಿ ಕೂತು ಮಾತಾಡಲು ಮೊದಲುಮಾಡಿದೆ. ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ, ನನಗೆ ಅಭ್ಯಾಸವಿಲ್ಲ. ಮೆಂತ್ಯದ ಡಬ್ಬಿ ಯಾವುದು ಸಾಸಿವೆಯ ಡಬ್ಬಿ ಯಾವುದೆಂದು ನನಗೆ ಒಂದು ವರ್ಷ ತಿಳಿಯಲಿಲ್ಲವೆಂದು ಹೇಳಿದೆ. ಹಿತ್ತಲಿನ ಪಾರಿಜಾತ ಗಾಳಿಗೆ ಬಿದ್ದು ಬುಡದಿಂದ ಮತ್ತೆ ಚಿಗುರಿದ್ದನ್ನು ಹೇಳಿದೆ. ಪಕ್ಕದ ಮನೆಯವರ ಎಮ್ಮೆ ಅವಳ ತುಳಸಿಕಟ್ಟೆಯ ಮೂಲೆ ಮುರಿದದ್ದು, ಆ ಸಲುವಾಗಿ ನಾನು ಅವರೊಡನೆ ಮೂರು ವರ್ಷ ಮಾತು ಬಿಟ್ಟದ್ದು, ಆಮೇಲೆ ಮತ್ತೆ ಹೇಗೆ ಮಾತಾಡಿದೆನೆಂದು ಮರೆತಿರುವುದು. ಜ್ವಾಲಿನಿಗೆ ಮಂಡಿ ನೋವು. ಎದುರು ಮನೆಯ ಹುಡುಗಿಗೆ ಗಂಡು ಗೊತ್ತಾಗಿದೆ, ಹುಡುಗ ಕುಳ್ಳ. ಹೀಗೆ ಕೆಲಸಕ್ಕೆ ಬಾರದ್ದನ್ನೆಲ್ಲ ಹೇಳಿದೆ. ಹಲಗೆ ಅಲ್ಲಾಡಲಿಲ್ಲ. ಆದರೆ ಕೇಳುವವರ ಪಕ್ಕದಲ್ಲಿ ಕೂತು ಮಾತಾಡುವುದಕ್ಕೂ ಖಾಲಿ ಗೋಡೆಗೆ ಮಾತಾಡುವುದಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಕೊನೆಗೆ, ಆ ದಿನ ನೀನು ಹೊಸ್ತಿಲಲ್ಲಿ ನಿಂತದ್ದು ನನಗೆ ಗೊತ್ತಿತ್ತು, ಎಂದು ಹೇಳಿದೆ.

ಬಿಸಿಲು ಕಂಬಗಳನ್ನು ಬಿಟ್ಟು ಮಾಡಿನ ತೊಲೆಗೆ ಏರಿತ್ತು. ಚೌರಪ್ಪ ಎರಡು ಸಲ ಬಾಗಿಲವರೆಗೆ ಹೋಗಿ ಆಕಾಶ ನೋಡಿ ಬಂದ.

"ಭಾವ," ಎಂದಳು ಜ್ವಾಲಿನಿ, "ಹೊತ್ತು ಹೋಗ್ತಿದೆ. ಅವಳ ಪಾಡಿಗೆ ಬಿಟ್ರೆ ರಾತ್ರಿಯೆಲ್ಲಾ ಕೇಳ್ತಾ ಕೂತಿರ್ತಾಳೆ. ಇಳಿಸಿ."

ಇಳಿಸಬಾರದೆಂದು ನನಗೆ ಎಷ್ಟು ಅನ್ನಿಸಿತೆಂದರೆ, ಕೆರೆಯ ಏರಿಯ ಮುದುಕನ ಮೇಲೆ ಹೊಟ್ಟೆಕಿಚ್ಚಾಯಿತು. ಆದರೆ ಇಲ್ಲಿ ಸೂರ್ಯ ಮುಳುಗಿದರೆ ಅವಳಿಗೆ ಸಿಗುವುದು ಇದ್ದಿಲ ಗುಡ್ಡೆ. ನಾನು ಎದ್ದು ನಿಂತೆ. ಕಂಡಕ್ಟರನಂತೆ ಕೂಗಲು ನನಗೆ ಬಾರದು. ಮನೆಯಲ್ಲಿ ಕರೆಯುವಷ್ಟೇ ದನಿಯಲ್ಲಿ ಅಂದೆ:

"ಬಾವಿಕಟ್ಟೆ ಬಂತು ಕಣೇ. ಇಳಿ."

ತಗ್ಗು ಮೊದಲು ಅಂಚಿನಲ್ಲಿ ಏರಿತು, ಆಮೇಲೆ ನಡುವೆ. ಮಂಡಿ ನೋಯುವವರು ಕೈಯೂರಿ ಏಳುವುದು ಹಾಗೆಯೇ. ಹನ್ನೆರಡು ವರ್ಷ ಬಗ್ಗಿದ್ದ ಹಲಗೆ ನೆಟ್ಟಗಾಯಿತು. ಗಾಡಿಯ ನೆಲದ ಮೇಲೆ ಏನೂ ಕೇಳಿಸಲಿಲ್ಲ. ಆದರೆ ಇಳಿಯುವ ಮೆಟ್ಟಿಲು ನಮ್ಮ ಮೂವರ ಕಣ್ಣೆದುರಿಗೇ ಒಮ್ಮೆ ಕೆಳಗೆ ಬಗ್ಗಿ ಮೇಲೆ ಬಂತು. ಚೌರಪ್ಪ ಶಿಲುಬೆಯ ಗುರುತು ಹಾಕಿಕೊಂಡ. ಜ್ವಾಲಿನಿ ದಾರಿ ಬಿಟ್ಟು ಹಿಂದಕ್ಕೆ ಸರಿದಳು, ಮದುವೆಮನೆಯಲ್ಲಿ ಹಿರಿಯರಿಗೆ ಸರಿಯುವಂತೆ.

ಚೌರಪ್ಪ ಬೀಗದಕೈ ಗೊಂಚಲು ತೆಗೆದುಕೊಂಡ.

"ಬಾಗಿಲು ಹಾಕ್ಬಹುದಾ ಸ್ವಾಮಿ?"

"ಒಂದು ನಿಮಿಷ," ಅಂದೆ. "ಬಾವಿಕಟ್ಟೆಯಿಂದ ಮನೆಗೆ ನಾಲ್ಕು ನಿಮಿಷದ ದಾರಿ. ಅವಳು ಮನೆ ಮುಟ್ಟಲಿ." ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. "ಈಗ ಅರಳಿಮರ ದಾಟಿದಳು. ಈಗ ಹಿಟ್ಟಿನ ಗಿರಣಿ. ಈಗ ನಮ್ಮ ಮನೆಯ ತಿರುವು..."

"ಎಲ್ಲಿ ತಿರುವು!" ಎಂದು ಜ್ವಾಲಿನಿ ಕಣ್ಣೊರೆಸಿಕೊಂಡು ಗದರಿದಳು. "ಅಕ್ಕ ಗಿರಣಿ ಮುಂದೆ ನಿಲ್ದೆ ಯಾವತ್ತು ಹೋಗಿದಾಳೆ? ಅಲ್ಲಿ ನಾಲ್ಕು ಜನ ಹೆಂಗಸರು ಹಿಟ್ಟಿಗೆ ಕಾದು ಕೂತಿರ್ತಾರೆ. ಹನ್ನೆರಡು ವರ್ಷದ ಸುದ್ದಿ ಇದೆ. ಕನಿಷ್ಠ ಅರ್ಧ ಗಂಟೆ."

ಚೌರಪ್ಪ ಬೀಗದಕೈ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಹೊರಗೆ ನದಿಯ ಮೇಲೆ ಹೊತ್ತು ಮುಳುಗಿತು. ನಾವು ಕಾದೆವು.